ಒಳಗೆ ಬಿಡುವ ಮುನ್ನ: ಲಿನಕ್ಸ್ ಪ್ಯಾಕೇಜ್ ಪರಿಶೀಲಿಸುವವರಿಗೆ 12 ಸೂತ್ರಗಳು

ಅಡಿಕೆಯ ಗೋಣಿ ಅಂಗಡಿಗೆ ಬಂದಾಗ ಅನುಭವಿ ವ್ಯಾಪಾರಿ ಮೇಲಿನ ನಾಲ್ಕು ಅಡಿಕೆ ನೋಡಿ ದರ ಹೇಳುವುದಿಲ್ಲ. ಕೈಯನ್ನು ಗೋಣಿಯ ಆಳಕ್ಕೆ ಇಳಿಸುತ್ತಾರೆ, ಒಂದು ಹಿಡಿ ಮೇಲೆತ್ತುತ್ತಾರೆ, ಎರಡು ಮೂರನ್ನು ಕತ್ತರಿಸಿ ಒಳಗಿನ ಬಣ್ಣ ನೋಡುತ್ತಾರೆ. ಪಟೋರ, ಉಳ್ಳಿಗಡ್ಡೆ, ಕರಿಗೋಟು ಎಂಬ ಕೆಳದರ್ಜೆಯವು ಬೇರೆಯಾದ ಮೇಲೆಯೇ ಒಳ್ಳೆಯ ಚಾಲಿ ಅಡಿಕೆಗೆ ಬೆಲೆ. ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆಯ ತೋಟದ ಮನೆಗಳಲ್ಲಿ ಬೆಳೆದವರಿಗೆ ಇದನ್ನು ಯಾರೂ ಪಾಠ ಮಾಡಬೇಕಾಗಿಲ್ಲ.

ಲಿನಕ್ಸ್ ವಿತರಣೆಗೆ ಹೊಸ ಪ್ಯಾಕೇಜ್ ಸೇರುವಾಗಲೂ ಇದೇ ಕೆಲಸ ನಡೆಯಬೇಕು. 2025ರ ಆಗಸ್ಟ್ 9ರಂದು ಹೊರಬಂದ ಡೆಬಿಯನ್ 13ರಲ್ಲಿ 69,830 ಪ್ಯಾಕೇಜ್‌ಗಳಿವೆ. ಅದನ್ನು ಬಳಸುವ ಶಾಲೆ, ಆಸ್ಪತ್ರೆ, ಸೊಸೈಟಿಯ ಯಾವ ಸಿಬ್ಬಂದಿಯೂ ಇವುಗಳ ಒಳಗೆ ಇಣುಕಿ ನೋಡುವುದಿಲ್ಲ. ಯಾರೋ ನೋಡಿದ್ದಾರೆ ಎಂಬ ನಂಬಿಕೆಯಲ್ಲಿ ಇನ್‌ಸ್ಟಾಲ್ ಮಾಡುತ್ತಾರೆ. ಆ 'ಯಾರೋ' ಆಗುವುದು ಹೇಗೆ ಎಂಬುದೇ ಈ ಬರಹದ ವಿಷಯ.

ಮಿಜಾರು, ಉಜಿರೆ, ಬೆಂಜನಪದವಿನ ಎಂಜಿನಿಯರಿಂಗ್ ಕಾಲೇಜುಗಳಲ್ಲಿ ಓದುವ ನಿಮಗೆ ನನ್ನ ಮಾತು ಇಷ್ಟೇ: ಮುಕ್ತ ತಂತ್ರಾಂಶದ ಲೋಕಕ್ಕೆ ಕಾಲಿಡಲು ಹೊಸ ಪ್ರೋಗ್ರಾಂ ಬರೆದೇ ತೀರಬೇಕಿಲ್ಲ. ಬೇರೆಯವರು ಬರೆದದ್ದನ್ನು ಕುಳಿತು, ಸಾಲು ಸಾಲಾಗಿ, ಪ್ರೀತಿಯಿಂದ ಓದಿ ನೋಡುವುದನ್ನು ಕಲಿಯಿರಿ. ಇದಕ್ಕೆ ದೊಡ್ಡ ಕಂಪ್ಯೂಟರ್ ಬೇಡ, ಬೆಂಗಳೂರಿನ ವಿಳಾಸ ಬೇಡ. ತಾಳ್ಮೆ ಬೇಕು.

1. ಚೀಟಿ ಓದಿ, ಆಮೇಲೆ ಗೋಣಿ ಬಿಚ್ಚಿ

ಕೋಡ್ ತೆರೆಯುವ ಮೊದಲು ನಾಲ್ಕು ಪ್ರಶ್ನೆ ಕೇಳಿ. ಇದು ಏನು ಮಾಡುತ್ತದೆ? ಯಾರಿಗೆ ಬೇಕು? ಇದೇ ಕೆಲಸದ ಪ್ಯಾಕೇಜ್ ಈಗಾಗಲೇ ಇದೆಯೇ? ಹೆಸರು ನಿಯಮದ ಪ್ರಕಾರ ಇದೆಯೇ?

ಹೆಸರಿನ ನಿಯಮ ಒಂದೊಂದು ವಿತರಣೆಗೆ ಒಂದೊಂದು ರೀತಿ. ಡೆಬಿಯನ್‌ನಲ್ಲಿ ಫಾಂಟ್ ಪ್ಯಾಕೇಜ್‌ಗಳ ಹೆಸರು 'ಫಾಂಟ್ಸ್' ಎಂದು ಶುರುವಾಗುತ್ತದೆ: ಫಾಂಟ್ಸ್-ಗುಬ್ಬಿ, ಫಾಂಟ್ಸ್-ನವಿಲು. ಫೆಡೋರಾದಲ್ಲಿ ಅದು ಕೊನೆಗೆ ಬರುತ್ತದೆ: ಲೋಹಿತ್-ಕನ್ನಡ-ಫಾಂಟ್ಸ್. ವಿವರಣೆಯನ್ನು ಒಮ್ಮೆ ಗಟ್ಟಿಯಾಗಿ ಓದಿ. ಕಂಪ್ಯೂಟರ್ ಗೊತ್ತಿಲ್ಲದ ಅಕ್ಕನಿಗೆ ಅದರಿಂದ ಏನಾದರೂ ತಿಳಿಯುತ್ತದೆಯೇ ಎಂದು ಯೋಚಿಸಿ. ತಿಳಿಯದಿದ್ದರೆ ನಿಮ್ಮ ಮೊದಲ ಟಿಪ್ಪಣಿ ಸಿದ್ಧವಾಯಿತು.

2. ಲೈಸೆನ್ಸನ್ನು ಕಡತ ಕಡತದಲ್ಲಿ ಹುಡುಕಿ

ಮುಖಪುಟದಲ್ಲಿ ಒಂದು ಲೈಸೆನ್ಸ್ ಬರೆದಿದ್ದರೂ ಒಳಗಿನ ಕಡತಗಳು ಬೇರೆ ಕಥೆ ಹೇಳಬಹುದು. ಎಲ್ಲಿಂದಲೋ ತಂದ ಒಂದು ಚಿತ್ರ, ಯಾರದೋ ಒಂದು ಲೈಬ್ರರಿ, ಮತ್ತೊಬ್ಬರ ಫಾಂಟ್ ಅಲ್ಲಿರಬಹುದು. ಪ್ರತಿಯೊಂದಕ್ಕೂ ಹಕ್ಕುದಾರ ಯಾರು, ಷರತ್ತು ಏನು ಎಂದು ಡೆಬಿಯನ್‌ನ ಕಾಪಿರೈಟ್ ಕಡತದಲ್ಲಿ ದಾಖಲಾಗಬೇಕು. ಹೊಸ ಪ್ಯಾಕೇಜ್‌ಗಳ ಸಾಲನ್ನು ನೋಡಿಕೊಳ್ಳುವ ತಂಡ ಬಹಳ ಕಟ್ಟುನಿಟ್ಟಾಗಿ ನೋಡುವುದು ಇದನ್ನೇ. ಲೈಸೆನ್ಸ್‌ಚೆಕ್ ಎಂಬ ಉಪಕರಣ ಆರಂಭಕ್ಕೆ ನೆರವಾಗುತ್ತದೆ. ಉಳಿದದ್ದನ್ನು ಕಣ್ಣೇ ಮಾಡಬೇಕು.

ಕನ್ನಡಿಗರು ಇಲ್ಲಿ ಒಂದು ವ್ಯತ್ಯಾಸವನ್ನು ಮನಸ್ಸಿನಲ್ಲಿಡಬೇಕು. 'ಉಚಿತ' ಬೇರೆ, 'ಮುಕ್ತ' ಬೇರೆ. ದುಡ್ಡಿಲ್ಲದೆ ಸಿಗುವ ಫಾಂಟ್‌ನ ಷರತ್ತಿನಲ್ಲಿ 'ವಾಣಿಜ್ಯ ಬಳಕೆಗೆ ಅಲ್ಲ' ಎಂದು ಒಂದೇ ಸಾಲಿದ್ದರೂ ಅದಕ್ಕೆ ಡೆಬಿಯನ್‌ನ ಮುಖ್ಯ ಸಂಗ್ರಹದಲ್ಲಿ ಜಾಗವಿಲ್ಲ. ಡೆಬಿಯನ್ 1997ರಲ್ಲಿ ಒಪ್ಪಿದ ಮಾರ್ಗಸೂಚಿ ಬಳಕೆಯ ಕ್ಷೇತ್ರ ನೋಡಿ ಭೇದ ಮಾಡುವುದನ್ನು ಒಪ್ಪುವುದಿಲ್ಲ. ಬಿ.ಸಿ. ರೋಡಿನ ಪ್ರಿಂಟಿಂಗ್ ಪ್ರೆಸ್‌ನವರು ಮದುವೆ ಕಾಗದ ಅಚ್ಚು ಹಾಕಲೂ ಆ ಅಕ್ಷರ ಬಳಸುವಂತಿರಬೇಕು.

3. ಪ್ರತಿಯನ್ನು ಮೂಲದ ಗರಿಗೆ ಹೋಲಿಸಿ

ಮೂಡುಬಿದಿರೆಯ ಗುರು ಬಸದಿಯಲ್ಲಿ ಧವಲಾ, ಜಯಧವಲಾ, ಮಹಾಧವಲಾ ಗ್ರಂಥಗಳ ತಾಳೆಗರಿಗಳು ಶತಮಾನಗಳ ಕಾಲ ಉಳಿದು ಬಂದವು. ಪ್ರಾಕೃತದ ಆ ಪಾಠಕ್ಕೆ ಆಶ್ರಯ ಕೊಟ್ಟದ್ದು ಹಳಗನ್ನಡ ಲಿಪಿ. ಹೊರಗೆ ಹೋದದ್ದು ಪ್ರತಿ, ಆ ಪ್ರತಿಯ ಇನ್ನೊಂದು ಪ್ರತಿ. 1939ರಿಂದ ಹೀರಾಲಾಲ್ ಜೈನ್ ಅವರ ಸಂಪಾದನೆಯಲ್ಲಿ ಧವಲಾ ಸಂಪುಟಗಳು ಅಚ್ಚಾಗತೊಡಗಿದ ಮೇಲೆ, ಪಾಠವನ್ನು ಮೂಡುಬಿದಿರೆಯ ಮೂಲ ಗರಿಗಳಿಗೆ ಹೋಲಿಸಿ ತಿದ್ದುವ ಕೆಲಸ ನಡೆಯಿತು. ಪ್ರತಿ ಎಷ್ಟೇ ಅಂದವಾಗಿರಲಿ, ಮೂಲದ ಎದುರು ನಿಲ್ಲಲೇಬೇಕು.

ತಂತ್ರಾಂಶದಲ್ಲಿ ಈ ಹೋಲಿಕೆ ತಪ್ಪಿದಾಗ ಏನಾಗುತ್ತದೆ ಎಂದು 2024ರಲ್ಲಿ ಲೋಕ ಕಂಡಿತು. ಎಕ್ಸ್‌ಜೆಡ್ ಎಂಬ ಸಂಕುಚನ ಪ್ಯಾಕೇಜಿನ 5.6.0 ಮತ್ತು 5.6.1 ಆವೃತ್ತಿಗಳ ಬಿಡುಗಡೆ ಕಟ್ಟಿನಲ್ಲಿ ಒಂದು ಬಿಲ್ಡ್ ಕಡತವಿತ್ತು. ಎಲ್ಲರೂ ಓದುವ ಗಿಟ್ ಭಂಡಾರದಲ್ಲಿ ಅದು ಇರಲಿಲ್ಲ. ಪರೀಕ್ಷೆಗೆಂದು ಇಟ್ಟ ಕಡತಗಳಲ್ಲಿ ಅಡಗಿದ್ದ ಕೇಡನ್ನು ಎಬ್ಬಿಸುವುದು ಅದರ ಕೆಲಸ. ಡೆಬಿಯನ್‌ನ ಪ್ರಯೋಗದ ಆವೃತ್ತಿಯವರೆಗೂ ಅದು ಬಂದಿತ್ತು. ಆಂಡ್ರೆಸ್ ಫ್ರಾಯ್ಂಡ್ ಎಂಬ ಎಂಜಿನಿಯರ್ ಎಸ್‌ಎಸ್‌ಎಚ್ ಲಾಗಿನ್ ಅರ್ಧ ಸೆಕೆಂಡ್ ತಡವಾಗುವುದನ್ನು ಗಮನಿಸಿ, ಬೆನ್ನುಹತ್ತಿ, ಮಾರ್ಚ್ 29ರಂದು ಬಯಲಿಗೆಳೆದರು.

ಆದ್ದರಿಂದ ಬಿಡುಗಡೆ ಕಟ್ಟು ಮತ್ತು ಗಿಟ್ ಟ್ಯಾಗ್ ಎರಡನ್ನೂ ಇಳಿಸಿಕೊಳ್ಳಿ. ಡಿಫ್ ಹಾಕಿ. ಒಂದರಲ್ಲಿದ್ದು ಇನ್ನೊಂದರಲ್ಲಿಲ್ಲದ ಪ್ರತಿ ಕಡತಕ್ಕೂ ಕಾರಣ ಕೇಳಿ. ಸಹಿ ಇದ್ದರೆ ಅದನ್ನೂ ಪರೀಕ್ಷಿಸಿ. ಆದರೆ ಎಕ್ಸ್‌ಜೆಡ್‌ನಲ್ಲಿ ಸಹಿ ಹಾಕಿದವನೇ ಕೇಡು ಬೆರೆಸಿದ್ದ ಎಂಬುದನ್ನು ಮರೆಯಬೇಡಿ.

4. ತಿದ್ದಲು ಬರುವ ರೂಪವೇ ಮೂಲ

ಫಾಂಟ್‌ನ ಮೂಲ ಯಾವುದು? ಇನ್‌ಸ್ಟಾಲ್ ಆಗುವ ಟಿಟಿಎಫ್ ಕಡತ ಫಲ ಮಾತ್ರ. ಅಕ್ಷರಗಳ ಗೆರೆಗಳನ್ನು ಬಿಡಿಸಿ ಜೋಡಿಸಿದ, ಫಾಂಟ್‌ಫೋರ್ಜ್‌ನಂಥ ಉಪಕರಣದಲ್ಲಿ ತೆರೆದು ತಿದ್ದಬಹುದಾದ ಕಡತವೇ ಬೀಜ. ಅರವಿಂದ ವಿ. ಕೆ. ಅವರು ರೂಪಿಸಿದ ಗುಬ್ಬಿ, ಕೈಬರಹದ ಶೈಲಿಯ ನವಿಲು ಫಾಂಟ್‌ಗಳು ಕನ್ನಡಿಗರಿಗೆ ದಕ್ಕಿದ್ದು ಹೀಗೆ ತಿದ್ದಿ ಬೆಳೆಸಬಹುದಾದ ಆಸ್ತಿಯಾಗಿ. ಒಂದು ಒತ್ತಕ್ಷರ ತಪ್ಪಿದ್ದರೆ ಯಾರು ಬೇಕಾದರೂ ಸರಿಪಡಿಸಬಹುದು. ಬೀಜ ಕೊಡದೆ ಹಣ್ಣು ಮಾತ್ರ ಕೊಟ್ಟರೆ ಮುಂದಿನ ತಲೆಮಾರಿಗೆ ತೋಟವಿಲ್ಲ.

ವೆಬ್ ತಂತ್ರಾಂಶಗಳಲ್ಲಿ ಒತ್ತಿ ಕುಗ್ಗಿಸಿದ ಜಾವಾಸ್ಕ್ರಿಪ್ಟ್ ಕಂಡರೂ ಇದೇ ಪ್ರಶ್ನೆ ಎತ್ತಿ.

5. ಬರಿಯ ಕೋಣೆಯಲ್ಲಿ ಬಿಲ್ಡ್ ಮಾಡಿ

'ನನ್ನ ಲ್ಯಾಪ್‌ಟಾಪ್‌ನಲ್ಲಿ ಓಡುತ್ತದೆ' ಎಂಬ ಮಾತಿಗೆ ಪರಿಶೀಲನೆಯಲ್ಲಿ ಬೆಲೆಯಿಲ್ಲ. ನಿಮ್ಮ ಲ್ಯಾಪ್‌ಟಾಪ್‌ನಲ್ಲಿ ಎರಡು ವರ್ಷದಿಂದ ಸೇರಿಸಿದ ನೂರು ಲೈಬ್ರರಿಗಳಿವೆ. ಡೆಬಿಯನ್‌ಗೆ ಎಸ್‌ಬಿಲ್ಡ್, ಫೆಡೋರಾಕ್ಕೆ ಮಾಕ್ ಎಂಬ ಉಪಕರಣಗಳಿವೆ. ಇವು ಏನೂ ಇಲ್ಲದ ಬರಿಯ ಕೋಣೆ ಕಟ್ಟಿ, ಪ್ಯಾಕೇಜ್ ತನಗೆ ಬೇಕೆಂದು ಹೇಳಿಕೊಂಡ ಸಾಮಾನನ್ನು ಮಾತ್ರ ಒಳಗಿಟ್ಟು, ಅಲ್ಲಿ ಬಿಲ್ಡ್ ಮಾಡುತ್ತವೆ. ಹೇಳದೆ ಬಿಟ್ಟದ್ದು ತಕ್ಷಣ ಹೊರಬೀಳುತ್ತದೆ.

ಬಿಲ್ಡ್ ನಡೆಯುವಾಗ ಇಂಟರ್‌ನೆಟ್‌ನಿಂದ ಏನನ್ನೂ ಎಳೆಯಬಾರದೆಂಬ ನಿಯಮವೂ ಇದೆ. ಆಷಾಢದ ಮಳೆಗೆ ಮರ ಬಿದ್ದು ನೆಟ್ ಹೋದ ರಾತ್ರಿ ಈ ನಿಯಮದ ಬೆಲೆ ನಮ್ಮೂರಿನವರಿಗೆ ಚೆನ್ನಾಗಿ ಅರ್ಥವಾಗುತ್ತದೆ. ನೆಟ್ ತೆಗೆದು ಬಿಲ್ಡ್ ಮಾಡಿ ನೋಡಿ. ಎರಡು ಸಲ ಮಾಡಿ, ಎರಡರ ಫಲವನ್ನೂ ಡಿಫೋಸ್ಕೋಪ್‌ನಲ್ಲಿ ಹೋಲಿಸಿ. ಒಂದೇ ಮೂಲದಿಂದ ಒಂದೇ ಫಲ ಬರಬೇಕು.

6. ಯಂತ್ರ ಹೇಳುವುದನ್ನು ಕೇಳಿ, ತೀರ್ಪು ನೀವು ಕೊಡಿ

ಲಿಂಟಿಯನ್, ಆರ್‌ಪಿಎಂಲಿಂಟ್, ಫೆಡೋರಾ-ರಿವ್ಯೂ ಇವೆಲ್ಲ ನಿಮಿಷಗಳಲ್ಲಿ ಹತ್ತಾರು ತಪ್ಪುಗಳನ್ನು ಎತ್ತಿ ತೋರಿಸುತ್ತವೆ. ಮೊದಲು ಓಡಿಸಬೇಕಾದದ್ದೇ ಇವುಗಳನ್ನು. ಆದರೆ ಪ್ರತಿ ಎಚ್ಚರಿಕೆಯನ್ನೂ ಅರ್ಥ ಮಾಡಿಕೊಂಡು ಮುಂದೆ ಹೋಗಿ. ಎಚ್ಚರಿಕೆ ಬಾಯಿ ಮುಚ್ಚಿದರೆ ಸಾಕು ಎಂದು ಹೊರಟರೆ ಅಪಾಯ ಅಲ್ಲಿಂದಲೇ ಶುರು.

ಎರಡು ಘಟನೆಗಳನ್ನು ಪಕ್ಕಪಕ್ಕ ಇಟ್ಟು ನೋಡಿ. 2006ರಲ್ಲಿ ಡೆಬಿಯನ್‌ನ ಓಪನ್‌ಎಸ್‌ಎಸ್‌ಎಲ್ ಪ್ಯಾಕೇಜಿನಲ್ಲಿ ವ್ಯಾಲ್‌ಗ್ರೈಂಡ್ ಎಂಬ ಪರೀಕ್ಷಾ ಉಪಕರಣದ ಎಚ್ಚರಿಕೆಯನ್ನು ಅಡಗಿಸಲೆಂದು ಕೋಡಿನ ಸಾಲು ತೆಗೆದರು. 2024ರಲ್ಲಿ ಎಕ್ಸ್‌ಜೆಡ್‌ನ ಕೇಡು ಹಿಡಿದ ಫ್ರಾಯ್ಂಡ್ ಅವರಿಗೆ ಸುಳಿವು ಕೊಟ್ಟವುಗಳಲ್ಲಿ ಅದೇ ವ್ಯಾಲ್‌ಗ್ರೈಂಡ್‌ನ ಎಚ್ಚರಿಕೆಯೂ ಒಂದು. ಉಪಕರಣ ಒಂದೇ. ಒಂದು ಕಡೆ ಅದರ ಬಾಯಿ ಮುಚ್ಚಿಸಿದರು, ಇನ್ನೊಂದು ಕಡೆ ಅದು ಯಾಕೆ ಕೂಗುತ್ತಿದೆ ಎಂದು ಕೇಳಿದರು.

7. ಪ್ರತಿ ಪ್ಯಾಚ್‌ಗೂ ಕಾರಣ ಬರೆಸಿ

2006ರ ಆ ಬದಲಾವಣೆಯ ಫಲ ಗೊತ್ತಾದದ್ದು 2008ರ ಮೇ 13ರಂದು. ತೆಗೆದ ಸಾಲು ಗೂಢಲಿಪಿ ಕೀಲಿಗಳಿಗೆ ಯಾದೃಚ್ಛಿಕತೆ ತುಂಬುವ ಸಾಲಾಗಿತ್ತು. ಅದಿಲ್ಲದೆ ಒಂದು ಬಗೆಯ, ಒಂದು ಅಳತೆಯ ಕೀಲಿಗೆ ಸುಮಾರು 32 ಸಾವಿರ ಸಾಧ್ಯತೆಗಳಷ್ಟೇ ಉಳಿದವು. ಆ ಅವಧಿಯಲ್ಲಿ ಡೆಬಿಯನ್‌ನಲ್ಲೂ ಉಬುಂಟುವಿನಲ್ಲೂ ಹುಟ್ಟಿದ ಕೀಲಿಗಳನ್ನು ಲೋಕದಾದ್ಯಂತ ಬದಲಾಯಿಸಬೇಕಾಯಿತು. ಬದಲಾವಣೆ ಮಾಡಿದವರಲ್ಲಿ ದುರುದ್ದೇಶವಿರಲಿಲ್ಲ. ಎರಡನೆಯ ಜೋಡಿ ಕಣ್ಣು ಆ ಸಾಲನ್ನು ಹೊತ್ತಿಗೆ ಸರಿಯಾಗಿ ಓದಲಿಲ್ಲ.

ಪ್ಯಾಕೇಜಿನಲ್ಲಿ ಪ್ಯಾಚ್ ಕಂಡರೆ ಮೂರು ಉತ್ತರ ಬರಹದಲ್ಲಿ ಬೇಕು: ಯಾಕೆ ಬೇಕಾಯಿತು, ಮೂಲ ಲೇಖಕರಿಗೆ ಕಳುಹಿಸಿದಿರಾ, ಅವರು ಏನೆಂದರು. ಭದ್ರತೆಗೆ ಸಂಬಂಧಿಸಿದ ಕೋಡ್ ಆದರೆ ಮೂರನೆಯ ಉತ್ತರ ಬರುವವರೆಗೆ ಕಾಯಿರಿ.

8. ರೂಟ್ ಆಗಿ ಓಡುವ ಸಾಲುಗಳನ್ನು ಮೊದಲು ಓದಿ

ಪ್ಯಾಕೇಜ್ ಇನ್‌ಸ್ಟಾಲ್ ಆಗುವಾಗ, ಹೊರಡುವಾಗ ಓಡುವ ಪುಟ್ಟ ಸ್ಕ್ರಿಪ್ಟ್‌ಗಳಿಗೆ ಇಡೀ ಯಂತ್ರದ ಯಜಮಾನಿಕೆ ಇರುತ್ತದೆ. ಹತ್ತು ಸಾವಿರ ಸಾಲಿನ ಕೋಡ್ ಓದಲು ವಾರ ಬೇಕಾದರೂ ಈ ಇಪ್ಪತ್ತು ಸಾಲನ್ನು ಇವತ್ತೇ ಓದಿ. ಬಳಕೆದಾರರ ಮನೆ ಫೋಲ್ಡರ್ ಮುಟ್ಟುತ್ತದೆಯೇ? ಹೊರಗಿನಿಂದ ಏನಾದರೂ ಇಳಿಸುತ್ತದೆಯೇ? ಬಳಕೆದಾರರು ಬದಲಿಸಿಕೊಂಡ ಸೆಟ್ಟಿಂಗ್ ಮೇಲೆ ಬರೆದುಬಿಡುತ್ತದೆಯೇ?

ಇನ್‌ಸ್ಟಾಲ್ ಮಾಡಿ, ಮೇಲ್ದರ್ಜೆಗೆ ಏರಿಸಿ, ಪೂರ್ತಿ ತೆಗೆದು ನೋಡಿ. ಡೆಬಿಯನ್‌ನ ಪಿಯುಪಾರ್ಟ್ಸ್ ಇದನ್ನು ತಾನೇ ಮಾಡುತ್ತದೆ. ಬಂದವರು ಹೊರಟಾಗ ಚಾವಡಿ ಮೊದಲಿನಂತಿರಬೇಕು.

9. ಕಂಬಗಳನ್ನು ಎಣಿಸಿ

ಮೂಡುಬಿದಿರೆಯಲ್ಲಿ 1430ರಲ್ಲಿ ಕಟ್ಟಿದ ಸಾವಿರ ಕಂಬದ ಬಸದಿಯಲ್ಲಿ ನಿಂತಾಗ ಭಾರ ಎಲ್ಲೆಲ್ಲಿ ಇಳಿದಿದೆ ಎಂದು ಕಣ್ಣಿಗೇ ಕಾಣುತ್ತದೆ. ಪ್ಯಾಕೇಜಿನ ಅವಲಂಬನೆಗಳೂ ಹಾಗೆ ಕಾಣುವಂತಿರಬೇಕು. ಬೇಕಾದದ್ದನ್ನೆಲ್ಲ ಹೇಳಿದ್ದಾರೆಯೇ, ಬೇಡದ್ದನ್ನು ಸೇರಿಸಿದ್ದಾರೆಯೇ ನೋಡಿ.

ಗೋಡೆಯೊಳಗೆ ಮುಚ್ಚಿಟ್ಟ ಕಂಬ ಅತ್ಯಂತ ಅಪಾಯದ್ದು. ವಿತರಣೆಯಲ್ಲಿ ಈಗಾಗಲೇ ಇರುವ ಲೈಬ್ರರಿಯ ಹಳೆಯ ಪ್ರತಿಯನ್ನು ಪ್ಯಾಕೇಜಿನೊಳಗೆ ತುರುಕಿಡುವುದು ಇಂಥದ್ದು. 2014ರ ಏಪ್ರಿಲ್‌ನಲ್ಲಿ ಹಾರ್ಟ್‌ಬ್ಲೀಡ್ ದೋಷ ಬಯಲಾದಾಗ ವ್ಯವಸ್ಥೆಯ ಓಪನ್‌ಎಸ್‌ಎಸ್‌ಎಲ್ ಬಳಸುತ್ತಿದ್ದ ಪ್ರೋಗ್ರಾಂಗಳಿಗೆ ಒಂದೇ ಅಪ್‌ಡೇಟ್ ಸಾಕಾಯಿತು. ತಮ್ಮದೇ ಪ್ರತಿ ಹೊತ್ತಿದ್ದವನ್ನು ಒಂದೊಂದಾಗಿ ಹುಡುಕಬೇಕಾಯಿತು.

10. ನಮ್ಮ ಊರಿನ ಹೆಸರು ಬರೆದು ಪರೀಕ್ಷಿಸಿ

ಇದು ಬೇರೆ ಊರಿನ ಪರಿಶೀಲಕರಿಗೆ ಸುಲಭವಾಗಿ ಆಗದ, ನಿಮಗೆ ಮಾತ್ರ ನೀರು ಕುಡಿದಷ್ಟು ಸಲೀಸಾದ ಕೆಲಸ. ಪ್ಯಾಕೇಜ್ ಪಠ್ಯ ತೋರಿಸುತ್ತದೆ ಎಂದಾದರೆ ಬಂಟ್ವಾಳ, ಬೆಳ್ತಂಗಡಿ, ಧರ್ಮಸ್ಥಳ, ನೇತ್ರಾವತಿ ಎಂದು ಬರೆದು ನೋಡಿ. ಒತ್ತಕ್ಷರ, ಅರ್ಕಾವತ್ತು, ದೀರ್ಘ ಎಲ್ಲ ಒಂದೇ ಏಟಿಗೆ ಪರೀಕ್ಷೆಯಾಗುತ್ತವೆ. 'ಸೂರ್ಯ' ಮತ್ತು 'ರ‍್ಯಾಂಕ್' ಎರಡೂ ಸರಿಯಾಗಿ ಬರಬೇಕು. ಎರಡನೆಯದಕ್ಕೆ ನಡುವೆ ಕಾಣದ ಒಂದು ಜೋಡಕ ಬೇಕು, ಎಷ್ಟೋ ಪ್ರೋಗ್ರಾಂಗಳು ಅದನ್ನು ನುಂಗಿಬಿಡುತ್ತವೆ. ಪಿಡಿಎಫ್ ಮಾಡಿ, ಅದರಿಂದ ಪುನಃ ಕಾಪಿ ಮಾಡಿ ನೋಡಿ. ಹೆಸರುಗಳನ್ನು ಅಕಾರಾದಿಯಾಗಿ ಜೋಡಿಸಿ ನೋಡಿ. ಕೆ. ಪಿ. ರಾವ್ ಅವರ ವಿನ್ಯಾಸದ ಕೀಲಿಮಣೆಯಲ್ಲಿ ಟೈಪ್ ಮಾಡಿ ನೋಡಿ.

ತುಳುವಿಗೂ ಇದೇ ಕಾಳಜಿ ಬೇಕು. ಲಿನಕ್ಸ್‌ನ ಮೂಲ ಲೈಬ್ರರಿಯಾದ ಜಿಲಿಬ್‌ಸಿಯಲ್ಲಿ ತುಳುವಿಗೆ ಪ್ರತ್ಯೇಕ ಲೊಕೇಲ್ ಇದೆ. 2024ರ ಸೆಪ್ಟೆಂಬರ್‌ನಲ್ಲಿ ಬಂದ ಯೂನಿಕೋಡ್ 16 ತುಳು-ತಿಗಳಾರಿ ಲಿಪಿಗೂ ಜಾಗ ಕೊಟ್ಟಿದೆ. ಇನ್ನು ಮುಂದೆ ಆ ಲಿಪಿಯ ಫಾಂಟ್, ಕೀಲಿಮಣೆಗಳು ಪ್ಯಾಕೇಜ್ ಆಗಿ ಬರುವಾಗ ಅಕ್ಷರ ಬಲ್ಲವರೇ ಬಾಗಿಲಲ್ಲಿರಬೇಕು.

ಇಲ್ಲದಿದ್ದರೆ ಏನಾಗುತ್ತದೆಂದು ನಮ್ಮ ೞ ಹೇಳುತ್ತದೆ. ಹಳಗನ್ನಡದ ಈ ಅಕ್ಷರಕ್ಕೆ ಯೂನಿಕೋಡ್ ಕೊಟ್ಟ ಅಧಿಕೃತ ಹೆಸರು ತಪ್ಪಾಗಿ ಇಂಗ್ಲಿಷಿನ 'ಎಫ್' ದನಿಯದ್ದು. ಹೆಸರು ಒಮ್ಮೆ ಪ್ರಕಟವಾದರೆ ಬದಲಿಸುವಂತಿಲ್ಲ ಎಂಬುದು ಅಲ್ಲಿನ ನಿಯಮ. ಸರಿಯಾದ ಹೆಸರನ್ನು ಪಕ್ಕದಲ್ಲಿ ಪರ್ಯಾಯವಾಗಿ ಸೇರಿಸಿದ್ದಾರೆ, ತಪ್ಪು ಹಾಗೇ ಉಳಿದಿದೆ. ಒಳಗೆ ಬಿಡುವ ಮುನ್ನ ಕನ್ನಡ ಬಲ್ಲ ಒಬ್ಬರು ಒಂದು ನಿಮಿಷ ನೋಡಿದ್ದರೆ ಸಾಕಿತ್ತು.

11. ಅವಸರಕ್ಕೆ ಮಣಿಯಬೇಡಿ, ಮಾತು ಮೃದುವಾಗಿರಲಿ

ಎಕ್ಸ್‌ಜೆಡ್‌ನ ಕೇಡು ಕೋಡಿನಿಂದ ಶುರುವಾದದ್ದಲ್ಲ. ಬಿಡುವಿನಲ್ಲಿ ಒಬ್ಬರೇ ನೋಡಿಕೊಳ್ಳುತ್ತಿದ್ದ ಯೋಜನೆ ಅದು. 2022ರಲ್ಲಿ ಅಪರಿಚಿತ ಹೆಸರುಗಳಿಂದ 'ಎಷ್ಟು ತಡ' ಎಂಬ ಒತ್ತಡ ಬಂತು. ದಣಿದ ಮನುಷ್ಯ ನೆರವಿಗೆ ಬಂದವನ ಕೈಗೆ ಕೀಲಿ ಕೊಟ್ಟರು. ಹಾಗಾಗಿ ಯಾರಾದರೂ 'ಇವತ್ತೇ ಒಪ್ಪಿಬಿಡಿ' ಎಂದರೆ ಇನ್ನೊಂದು ದಿನ ಹೆಚ್ಚು ತೆಗೆದುಕೊಳ್ಳಿ. ಪ್ಯಾಕೇಜನ್ನು ಮುಂದೆ ಯಾರು ನೋಡಿಕೊಳ್ಳುತ್ತಾರೆ, ಮೂಲ ಯೋಜನೆ ಜೀವಂತವಾಗಿದೆಯೇ ಎಂಬುದೂ ನಿಮ್ಮ ಪ್ರಶ್ನೆಯೇ.

ಆದರೆ ನಿಧಾನಕ್ಕೂ ಒರಟುತನಕ್ಕೂ ಸಂಬಂಧವಿಲ್ಲ. ಟಿಪ್ಪಣಿಯಲ್ಲಿ ಕಡತದ ಹೆಸರು, ಸಾಲಿನ ಸಂಖ್ಯೆ, ನಿಯಮದ ಹೆಸರು, ಸರಿಪಡಿಸುವ ದಾರಿ ನಾಲ್ಕೂ ಇರಲಿ. ಫೆಡೋರಾದಲ್ಲಿ 'ಆಗಲೇಬೇಕು', 'ಆದರೆ ಒಳ್ಳೆಯದು' ಎಂದು ಎರಡು ಪಟ್ಟಿ ಮಾಡುತ್ತಾರೆ. ನೀವೂ ಹಾಗೇ ಬೇರ್ಪಡಿಸಿ. ಚೆನ್ನಾಗಿರುವುದನ್ನೂ ಒಂದು ಸಾಲಿನಲ್ಲಿ ಹೇಳಿ. ಎದುರಿನವರು ರಾತ್ರಿ ನಿದ್ದೆಗೆಟ್ಟು ಕೆಲಸ ಮಾಡಿದ್ದಾರೆ.

12. ಅನುಮತಿಗೆ ಕಾಯಬೇಡಿ, ಈ ವಾರ ಒಂದು ನೋಡಿ

ಒಪ್ಪಿಗೆಯ ಮುದ್ರೆ ಒತ್ತಲು ಅಧಿಕಾರ ಬೇಕು. ಓದಿ ಟಿಪ್ಪಣಿ ಬರೆಯಲು ಯಾವ ಅಧಿಕಾರವೂ ಬೇಡ. ಫೆಡೋರಾದಲ್ಲಿ ಹೊಸಬರಿಗೆ ಹೊಣೆ ಹೊರುವ ಒಬ್ಬ ಪ್ರಾಯೋಜಕರು ಬೇಕು. ಬೇರೆಯವರ ಪ್ಯಾಕೇಜನ್ನು ಅನೌಪಚಾರಿಕವಾಗಿ ಪರಿಶೀಲಿಸಿ ತೋರಿಸುವುದೇ ಅಂಥವರ ವಿಶ್ವಾಸ ಗಳಿಸುವ ಒಪ್ಪಿತ ದಾರಿ. ಡೆಬಿಯನ್‌ನಲ್ಲೂ ಪ್ರಾಯೋಜಕರಿಗಾಗಿ ಕಾಯುತ್ತಿರುವ ಪ್ಯಾಕೇಜ್‌ಗಳನ್ನು ಯಾರು ಬೇಕಾದರೂ ಇಳಿಸಿಕೊಂಡು ನೋಡಬಹುದು.

ಮೊದಲ ವಾರ ಈಗಾಗಲೇ ಒಳಗಿರುವ ಪುಟ್ಟ ಪ್ಯಾಕೇಜೊಂದನ್ನು ಬಿಚ್ಚಿ ಓದಿ. ಗುಬ್ಬಿ ಫಾಂಟ್‌ನದು ಒಳ್ಳೆಯ ಪಾಠ. ಎರಡನೆಯ ವಾರ ಅದನ್ನು ಬರಿಯ ಕೋಣೆಯಲ್ಲಿ ಬಿಲ್ಡ್ ಮಾಡಿ. ಮೂರನೆಯ ವಾರ ಕಾಯುತ್ತಿರುವ ಒಂದು ಪ್ಯಾಕೇಜಿಗೆ ಮೇಲಿನ ಹನ್ನೊಂದು ಪ್ರಶ್ನೆ ಕೇಳಿ. ನಾಲ್ಕನೆಯ ವಾರ ಟಿಪ್ಪಣಿ ಕಳುಹಿಸಿ. ಹಾಸ್ಟೆಲಿನ ಗೆಳೆಯ ಗೆಳತಿಯರು ನಾಲ್ಕು ಮಂದಿ ಕೂಡಿದರೆ ಒಬ್ಬರು ಲೈಸೆನ್ಸ್, ಒಬ್ಬರು ಬಿಲ್ಡ್, ಒಬ್ಬರು ಸ್ಕ್ರಿಪ್ಟ್, ಒಬ್ಬರು ಕನ್ನಡ ಎಂದು ಹಂಚಿಕೊಳ್ಳಬಹುದು. ನಿಮ್ಮ ಟಿಪ್ಪಣಿ ನಿಮ್ಮ ಹೆಸರಿನೊಂದಿಗೆ ಬಹಿರಂಗ ದಾಖಲೆಯಾಗಿ ಉಳಿಯುತ್ತದೆ. ಕೆಲಸದ ಸಂದರ್ಶನಕ್ಕೆ ಹೋದಾಗ ತೆರೆದು ತೋರಿಸಬಹುದಾದ ಕೆಲಸ ಅದು.

ಯಾವತ್ತೋ ಒಂದು ದಿನ ಬೆಳ್ತಂಗಡಿಯ ಯಾವುದೋ ಹಳ್ಳಿಯ ಶಾಲೆಯಲ್ಲಿ ಒಬ್ಬ ಟೀಚರ್ ಆ ಪ್ಯಾಕೇಜನ್ನು ಇನ್‌ಸ್ಟಾಲ್ ಮಾಡುತ್ತಾರೆ. ಪರದೆಯ ಮೇಲೆ ಊರಿನ ಹೆಸರು ಒತ್ತು ತಪ್ಪದೆ ಮೂಡುತ್ತದೆ. ಅವರು ಪಾಠ ಮುಂದುವರಿಸುತ್ತಾರೆ.